ಕುಂತು ದಣಿದವಳ ಸೋಮವಾರ

ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ನನ್ನ ಸುದ್ದಿ ಹೇಳುತ್ತಿದ್ದ ಮಾವನವರಿಗೆ, ನಿಮ್ಮ ಸೊಸೆಯ ನಮಸ್ಕಾರ.

ನೀವು ಹೋದ ಮೇಲೆ ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ ನೀವು ನಗುತ್ತೀರಿ. ಆದರೂ ಹೇಳುತ್ತೇನೆ. ನಾನು ದಣಿದಿದ್ದೆ. ಹೌದು, ಕುಂತು. ನೆರಳಿನಲ್ಲಿ, ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ ಕುಂತು ದಣಿದೆ. ಹುಬ್ಬಳ್ಳಿಯ ಡಾಕ್ಟರು ಅದನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದಾರೆ. ನೀವಿದ್ದಿದ್ದರೆ ಆ ಕಾಗದವನ್ನು ನಿಮ್ಮೆದುರು ಗಟ್ಟಿಯಾಗಿ ಓದುತ್ತಿದ್ದೆ, ಬೇಕೆಂದೇ ಮತ್ತೊಮ್ಮೆ ಓದುತ್ತಿದ್ದೆ.

ಪಡಸಾಲೆಯಲ್ಲಿ ಬೀಜದ ಚೀಲ ಸರಿಸಿ ನನ್ನ ಕಂಪ್ಯೂಟರ್ ಇಟ್ಟ ದಿನ ನೆನಪಿದೆಯೆ? ಹೊಸ ಎತ್ತನ್ನು ನೋಡುವ ಹಾಗೆ ನೀವು ಅದರ ಸುತ್ತ ಒಂದು ಸುತ್ತು ಬಂದಿರಿ. ಹಲ್ಲು ನೋಡಲಿಲ್ಲ, ಅಷ್ಟೆ. ಅಡತಿ ಅಂಗಡಿಗಳಲ್ಲಿ ರೈತರ ಮಾಲು ಎಷ್ಟು ತೂಗಿತು, ಯಾವ ದರಕ್ಕೆ ಹೋಯಿತು ಎಂಬ ಪಟ್ಟಿಯನ್ನು ಇನ್ನು ಮೇಲೆ ಯಂತ್ರವೇ ಮಾಡುತ್ತದೆ, ಅದಕ್ಕೆ ಬೇಕಾದ ಪ್ರೋಗ್ರಾಂ ನಾನು ಬರೆಯುತ್ತೇನೆ ಎಂದು ರೋಣದಿಂದ ಕಲಿತು ತಂದ ವಿದ್ಯೆಯನ್ನೆಲ್ಲ ಬಿಚ್ಚಿ ಹೇಳಿದೆ. ನೀವು ಪೂರ್ತಿ ಕೇಳಿ, "ಅದ ಮಾಡ್ತೈತಿ ಅಂದ್ರ ನೀ ಏನ್ ಮಾಡ್ತಿ?" ಅಂದಿರಿ. ಉತ್ತರಕ್ಕೆ ಅರ್ಧ ತಾಸು ಬೇಕಿತ್ತು. ನಿಮಗೆ ಎತ್ತಿಗೆ ನೀರು ಕುಡಿಸುವ ಹೊತ್ತಾಗಿತ್ತು.

ಅಲ್ಲಿಂದ ಮುಂದೆ ಪೇಟೆಯಿಂದ ಯಾರು ಫೋನು ಮಾಡಿ ಅಕ್ಕಾವ್ರು ಏನು ಮಾಡುತ್ತಿದ್ದಾರೆ ಎಂದು ಕೇಳಿದರೂ ನಿಮ್ಮದು ಒಂದೇ ಉತ್ತರ. "ಕುಂತಾಳ." ಪ್ರಿಂಟರಿನಲ್ಲಿ ರೈತರ ಹೆಸರಿನ ಬದಲು ಬರೀ ಚೌಕುಳಿ ಬರುತ್ತಿದ್ದಾಗ, ಆ ಚೌಕುಳಿಗಳನ್ನು ಮತ್ತೆ ಕನ್ನಡ ಮಾಡಲು ನಾನು ಊಟ ಬಿಟ್ಟು ತಿಣುಕುತ್ತಿದ್ದಾಗಲೂ, "ಕುಂತಾಳ." ವ್ಯಾಟ್ ಬಂದ ವರ್ಷ ನರಗುಂದದಿಂದ ಗಜೇಂದ್ರಗಡದವರೆಗೆ ಒಬ್ಬೊಬ್ಬರ ಬಿಲ್ಲನ್ನೂ ಹೊಸದಾಗಿ ಬರೆಯಬೇಕಾಯಿತಲ್ಲ, ಎಲ್ಲರಿಗೂ ನಾಳೆಯೇ ಬೇಕಿತ್ತಲ್ಲ, ಆಗ ನನ್ನ ಕುತ್ತಿಗೆ ಒಂದು ಕಡೆಗೆ ಹಿಡಿದುಕೊಂಡಿತ್ತು. ನೀವು ಅತ್ತೆಗೆ ಹೇಳಿದ್ದು ನನಗೂ ಕೇಳಿಸಿತು. "ಕುಂತಲ್ಲೇ ಕುಂತು ದಣಿಯೂದು ನಾ ಎಲ್ಲೂ ನೋಡಿಲ್ಲ ನೋಡು." ಅದನ್ನು ನಾನು ಮರೆತಿಲ್ಲ. ನಾನು ಯಾವುದನ್ನೂ ಮರೆಯುವುದಿಲ್ಲ ಎಂದು ನಿಮಗೇ ಗೊತ್ತು.

ಬೆಳಗಿನ ಪೇಪರು ನೆನಪಾಗುತ್ತದೆ. ನಿಮಗೆ ಚಾಳೀಸು ಸಿಗುತ್ತಿರಲಿಲ್ಲ, ನಾನು ಓದುತ್ತಿದ್ದೆ, ಇಬ್ಬರೂ ಜಗಳಾಡುತ್ತಿದ್ದೆವು. ಕಾಲುವೆಗೆ ನೀರು ಬಿಡದಿದ್ದರೆ, ಕೊಣ್ಣೂರಿನ ಸೇತುವೆ ಮತ್ತೆ ಮುಳುಗಿದರೆ, ನಾನು ಅವತ್ತೇ ಸಂಪಾದಕರಿಗೆ ಪತ್ರ ಹಾಕುತ್ತಿದ್ದೆ. ಪತ್ರ ಅಚ್ಚಾದ ಹಾಳೆಯಲ್ಲೇ ನೀವು ಮಿರ್ಚಿ ಕಟ್ಟಿಸಿಕೊಂಡು ಬಂದದ್ದೂ ಉಂಟು. ನಮ್ಮ ದೊಡ್ಡ ಜಗಳ ಮಾತ್ರ ಪೇಪರಿನದಲ್ಲ, ಸೋಮವಾರದ್ದು. ಹಿಂಗಾರಿ ಬಿತ್ತನೆಗೆ ಹದ ಬಂದಿತ್ತು. ಚಿಕ್ಕನರಗುಂದದ ದಾರಿಯ ಹೊಲ ಕರೆಯುತ್ತಿತ್ತು. ನೀವು ಮಾತ್ರ ಸೋಮವಾರ, ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ ಎಂದು ಕೂತುಬಿಟ್ಟಿರಿ. ಹದ ಹೋದರೆ ನಿಮ್ಮ ಬಸವಣ್ಣ ಬಂದು ಬಿತ್ತುತ್ತಾನೆಯೆ ಎಂದು ನಾನು ಮೂಢನಂಬಿಕೆಯ ಮೇಲೆ ಒಂದು ಭಾಷಣವನ್ನೇ ಮಾಡಿದೆ. ಕೊನೆಗೆ ಕೇಳಿದೆ, "ಅಲ್ರಿ, ಇವತ್ತ ಸೋಮವಾರ ಅಂತ ಎತ್ತಿಗೆ ಗೊತ್ತೈತೇನ್ರಿ?"

"ಎತ್ತಿಗೆ ಗೊತ್ತಿಲ್ಲ," ಅಂದಿರಿ. "ಅದಕ್ಕ ನಾವು ನೆನಪ ಇಡಬೇಕು."

ನಾನು ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಇದಕ್ಕೆ ಉತ್ತರ ಹೊಳೆಯುವಷ್ಟರಲ್ಲಿ ನೀವು...

ನೀವು ಹೋದ ಮೇಲಿನ ಸುಗ್ಗಿಯಲ್ಲಿ ನಾನು ಕೆಟ್ಟು ನಿಂತೆ. ಬಿದ್ದು ಕೈಕಾಲು ಮುರಿದಿದ್ದರೆ ಜನಕ್ಕೆ ತೋರಿಸಬಹುದಿತ್ತು. ಹಾಗೇನೂ ಇಲ್ಲ. ಒಂದು ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತೆ, ನಾನೇ ಬರೆದ ಪ್ರೋಗ್ರಾಂ ನನಗೇ ತಿಳಿಯಲಿಲ್ಲ. ಯಾರೋ ಪರವೂರಿನವರು ಬರೆದಂತಿತ್ತು. ಫೋನು ಹೊಡೆದುಕೊಂಡರೆ ಅದರ ಮೇಲೆ ದಿಂಬು ಇಡುತ್ತಿದ್ದೆ. ಸ್ನಾನ ಮಾಡುವುದೂ ದೊಡ್ಡ ಕೆಲಸ ಅನ್ನಿಸುತ್ತಿತ್ತು. ಪೇಪರು ಮಡಚಿದ್ದು ಮಡಚಿದಂತೆಯೇ ಬೀಳುತ್ತಿತ್ತು. ನಿಮ್ಮ ಮಗ ಗಾಬರಿಯಾದದ್ದು ಇದಾವುದಕ್ಕೂ ಅಲ್ಲ. ಕಾಲುವೆಗೆ ಈ ಸಲವೂ ನೀರಿಲ್ಲವಂತೆ ಎಂದು ಅವರು ಹೇಳಿದರೆ ನಾನು "ಹೌದಾ" ಅಂದು ಗೋಡೆಯ ಕಡೆ ತಿರುಗಿ ಮಲಗಿದೆನಂತೆ. ಮಾರನೆಯ ದಿನವೇ ತಾವು ಕಲಿಸುವ ಸಾಲೆಗೆ ರಜೆ ಹಾಕಿ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಏನು ತ್ರಾಸು ಎಂದು ಕೇಳಿದ್ದಕ್ಕೆ ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಮಗ ಹೇಳಿದ್ದು, "ಈಕಿಗೆ ಸಿಟ್ಟ ಬರವಲ್ದ್ರಿ ಸರ್."

ಬಹಳ ದಿನ ವಿಶ್ರಾಂತಿ ಬೇಕು, ಇಲ್ಲದಿದ್ದರೆ ಈ ಕೆಲಸವನ್ನೇ ಬಿಡಬೇಕಾದೀತು ಎಂದರು ಡಾಕ್ಟರು. ಕೆಲಸ ಬಿಡುವುದೆ? ಅದೊಂದು ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು ಮಾವನವರೆ. ನೀವು ನಂಬಲಿಲ್ಲ, ಆದರೆ ಅದು ನನಗೆ ಹೊಲದಷ್ಟೇ ಪ್ರೀತಿಯದಾಗಿತ್ತು. ಬಿಟ್ಟರೆ ನಾನು ಉಳಿಯುವುದಿಲ್ಲ, ಹಿಡಿದರೆ ಅದು ನನ್ನನ್ನು ಉಳಿಸುವುದಿಲ್ಲ ಎಂಬಂತಾಗಿತ್ತು.

ಪೇಟೆಯವರಿಗೆ ವಿಷಯ ತಿಳಿಸಿದೆವು. ಅವರು ಭಾಳ ಒಳ್ಳೆಯವರು. ಒಬ್ಬೊಬ್ಬರಾಗಿ ಮೋಸಂಬಿ ಹಿಡಿದು ಬಂದರು. ಮೈಯಲ್ಲಿ ಹ್ಯಾಂಗೈತ್ರಿ ಎಂದು ಕೇಳಿ, ಬಿಸಿಲು ಎಂದು ಹೇಳಿ, ಚಹಾ ಕುಡಿದು, ಎದ್ದು ನಿಂತು, ಆಮೇಲೆ ಕಿಸೆಯಿಂದ ಒಂದು ಮಡಚಿದ ಬಿಲ್ಲು ತೆಗೆದು, "ಬಂದೇ ಬಂದೇನಿ, ಇದನ್ನಷ್ಟ ನೋಡಿಬಿಡ್ರಿ" ಅನ್ನುತ್ತಿದ್ದರು. ಡಾಕ್ಟರ ಚೀಟಿ ತೋರಿಸಿದರೆ ಅದನ್ನು ಓದಿ, ಇಂಗ್ಲಿಷ್ ಚಲೋ ಐತಿ ಎಂದು ಹೊಗಳಿ, ಮತ್ತೆ ಬಿಲ್ಲಿಗೆ ಬರುತ್ತಿದ್ದರು. ಮನೆಯಲ್ಲಿ ಮೋಸಂಬಿ ರಾಶಿ ಬಿತ್ತು. ನನ್ನ ದಣಿವು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಅತ್ತೆ ಒಂದು ದಿನ ಕಂಪ್ಯೂಟರಿನ ಮೇಲೆ ಧೂಳು ಕೂಡುತ್ತಿದೆ ಎಂದು ಅಟ್ಟದಿಂದ ನಿಮ್ಮ ಎತ್ತಿನ ಬೆನ್ನಿಗೆ ಹಾಕುತ್ತಿದ್ದ ಝೂಲ ತಂದು ಹೊದಿಸಿದರು. ಅದೇ, ಕನ್ನಡಿ ಹೊಲಿದ ಕೆಂಪು ಝೂಲ. ಎತ್ತುಗಳನ್ನು ಮೆಣಸಿನಕಾಯಿ ವ್ಯಾಪಾರದ ನಿಮ್ಮ ಗೆಳೆಯ ಖಾದರಸಾಬರಿಗೆ ಕೊಟ್ಟೆವು. ಝೂಲ ಮಾತ್ರ ಅತ್ತೆ ಕೊಟ್ಟಿರಲಿಲ್ಲ. ಅವತ್ತು ಅದೇ ಖಾದರಸಾಬರು ಬಿಲ್ಲು ಹಿಡಿದು ಬಂದರು. ಪಡಸಾಲೆಯ ಮೂಲೆಯಲ್ಲಿ ಝೂಲ ಹೊದ್ದು ನಿಂತದ್ದನ್ನು ಕಂಡು ಬಾಗಿಲಲ್ಲೇ ನಿಂತರು. ನಾನು ಒಳಗೆ ಮಲಗಿದ್ದೆ, ಮಾತೆಲ್ಲ ಕೇಳುತ್ತಿತ್ತು, ಬಾಗಿಲ ಸಂದಿಯಿಂದ ಕಾಣುತ್ತಲೂ ಇತ್ತು.

"ಏನವಾ ಇದು?"

"ಇವತ್ತ ಸೋಮವಾರ," ಅಂದರು ಅತ್ತೆ. "ನಮ್ಮ ಮನ್ಯಾಗ ಹೂಡೂದಿಲ್ಲ."

"ಅದು ಎತ್ತಿಗಲ್ಲೇನವಾ?"

"ಯಾಕ, ಇದು ದುಡಿಯೂದಿಲ್ಲೇನು? ಇಡೀ ಪ್ಯಾಟಿ ಮಾಲು ಇದರ ಮ್ಯಾಲ ಹೇರೀರಿ."

ನಮ್ಮ ಎತ್ತುಗಳಿಗೆ ಖಾದರಸಾಬರ ಕೊಟ್ಟಿಗೆಯಲ್ಲೂ ಸೋಮವಾರ ತಪ್ಪಿಲ್ಲ. "ಖರೇ," ಅಂದರು ಅವರು. ಬಿಲ್ಲನ್ನು ಕಿಸೆಗೆ ಹಾಕಿಕೊಂಡು, ಪೆಟ್ಟಿಗೆಯ ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸಿ ಹೋದರು. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ಮುಂದಿನ ಸೋಮವಾರ ಒಂದು ಫೋನೂ ಬರಲಿಲ್ಲ!

ಎಂಥ ಊರು ಇದು, ನೀವೇ ಹೇಳಿ. ಡಾಕ್ಟರ ಮಾತಿಗೆ ಕಿಮ್ಮತ್ತಿಲ್ಲ, ನನ್ನ ಕಣ್ಣೀರಿಗೆ ಕಿಮ್ಮತ್ತಿಲ್ಲ, ತಗಡಿನ ಪೆಟ್ಟಿಗೆಗೆ ದಣಿವಾಗಿದೆ ಎಂದರೆ ಎಲ್ಲರೂ ದಾರಿ ಬಿಡುತ್ತಾರೆ. ಇದರ ಮೇಲೆ ಪತ್ರ ಬರೆಯಬೇಕು ಎಂದುಕೊಂಡೆ. ಹಾಗೆ ಅನ್ನಿಸಿದ್ದೇ ಬಹಳ ದಿನಗಳ ಮೇಲೆ. ಸೋಮವಾರ ಬಿಟ್ಟು ಉಳಿದ ದಿನ ಮೆಲ್ಲಗೆ ಕಂಪ್ಯೂಟರಿನ ಮುಂದೆ ಕೂರತೊಡಗಿದೆ. ಮೊದಲು ಬರೀ ಝೂಲ ತೆಗೆದು ಮತ್ತೆ ಹೊದಿಸುವುದಷ್ಟೇ ಆಗುತ್ತಿತ್ತು. ಆಮೇಲೊಂದು ದಿನ ಒಂದು ಸಣ್ಣ ತಪ್ಪು ಹುಡುಕಿ ತಿದ್ದಿದೆ, ಪಟ್ಟಿ ಸರಿಯಾಗಿ ಬಂತು, ಮತ್ತು ಅದು ನಾನೇ ಬರೆದದ್ದು ಎಂದು ನೆನಪಾಯಿತು. ಸೋತೆ ಎಂದು ತಿಳಿಯಬೇಡಿ. ಹದ ಬಂದಾಗ ಬಿತ್ತಬೇಕು ಎಂಬ ನನ್ನ ಮಾತು ಇವತ್ತಿಗೂ ಅದೇ.

ಪೂರ್ತಿ ಗುಣವಾದದ್ದು ಹೇಗೆಂದು ಹೇಳಲೆ? ಒಂದು ಸೋಮವಾರ ನಾನು ಹಾಸಿಗೆಯಲ್ಲಿ ಪೇಪರು ಹಿಡಿದು ಹೊರಳಾಡುತ್ತಿದ್ದೆ. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದನ್ನು ನಿಲ್ಲಿಸದೆ, ಯಾರನ್ನೂ ನೋಡದೆ ಅಂದರು, "ಎತ್ತಿಗೆ ಸೋಮವಾರ ಇತ್ತು. ಈಗ ಆ ಪೆಟ್ಟಿಗಿಗೂ ಬಂತು."

ಅಷ್ಟೇ ಮಾವನವರೆ. ಕಂಪ್ಲೇಂಟ್ ಅಲ್ಲ, ಸುಮ್ಮನೆ ಅಂದದ್ದು. ನಾನು ಎದ್ದು ಕೂತೆ. ಸಿಟ್ಟು ಬಂತು, ಕಾಲಿನಿಂದ ನೆತ್ತಿಗೆ, ಮೊದಲಿನ ಹಾಗೆ, ಬಿಸಿಬಿಸಿಯಾಗಿ. ಬಂದದ್ದು ನಿಮ್ಮ ಮೇಲೆ. ಎತ್ತಿಗೆ ವಾರ ಗೊತ್ತಿಲ್ಲ, ನಾವು ನೆನಪಿಡಬೇಕು ಅಂದಿರಲ್ಲ, ರೊಟ್ಟಿ ಬಡಿಯುವ ಈಕೆಗೆ ವಾರವೂ ಗೊತ್ತಿತ್ತು, ತಿಥಿಯೂ ಗೊತ್ತಿತ್ತು, ಈಕೆಯ ಸೋಮವಾರವನ್ನು ಯಾರು ನೆನಪಿಡಬೇಕಿತ್ತು? ಇಷ್ಟು ವರ್ಷ ಇದೇ ಮನೆಯಲ್ಲಿ, ಇದೇ ಕಟ್ಟೆಯ ಮೇಲೆ ಕೂತು... ನಾನೂ ಒಳಗೆ ಕೂತು ಊರಿನ ಅನ್ಯಾಯಕ್ಕೆಲ್ಲ ಪತ್ರ ಬರೆಯುತ್ತಿದ್ದೆ ಅನ್ನಿ. ನಿಮ್ಮ ಮಗನನ್ನು ಕೂಗಿದೆ. ನನ್ನ ದನಿ ಕೇಳಿದ್ದೇ ಅವರ ಮುಖ ಅರಳಿತು. ಬೈಸಿಕೊಂಡೂ ಖುಷಿಯಾಗಿದ್ದ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಹೊಸ ಸುದ್ದಿ. ಸೋಮವಾರ ನಮ್ಮ ಮನೆಯಲ್ಲಿ ಅತ್ತೆ ಒಲೆ ಹೂಡುವುದಿಲ್ಲ. ಬೆಳಿಗ್ಗೆ ನಿಮ್ಮ ಮಗನ ಕೈಯ ಚುರುಮುರಿ ಸೂಸಲ, ಉಪ್ಪು ಹೆಚ್ಚು. ಮಧ್ಯಾಹ್ನ ಖಾನಾವಳಿಯ ರೊಟ್ಟಿ. ಅತ್ತೆ ಅದನ್ನು ಬೆಳಕಿಗೆ ಹಿಡಿದು ದಪ್ಪ ಐತಿ ಎನ್ನುತ್ತಾರೆ, ಎರಡು ಹೆಚ್ಚೇ ಉಣ್ಣುತ್ತಾರೆ. ಮೊದಲ ಸೋಮವಾರ ಅವರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹೊರಗೆ ಹೋದರು, ಒಳಗೆ ಬಂದರು, ಕೊನೆಗೆ ನಿಮ್ಮ ಕಟ್ಟೆಯ ಮೇಲೆ ಗುಡ್ಡದ ಕಡೆ ಮುಖ ಮಾಡಿ ಕಾಲು ಚಾಚಿದರು. ಆ ದಾರಿಯಲ್ಲಿ ಬಂದ ಖಾದರಸಾಬರು ಹೌಹಾರಿ ಏನು ಮಾಡಾಕತ್ತಿಯವಾ ಎಂದು ಕೇಳಿದರು.

"ಕುಂತೇನಿ," ಅಂದರು ಅತ್ತೆ.

"ದಣಿವಾಗೂದಿಲ್ಲೇನು ಕುಂತು?"

"ಆಗತೈತೋ ಇಲ್ಲೋ, ನೋಡಾಕತ್ತೇನಿ."

ಒಂದು ಮಾತು ಕೊಡುತ್ತೇನೆ ಮಾವನವರೆ. ಕಟ್ಟೆಯ ಮೇಲಿನ ನಿಮ್ಮ ಜಾಗವನ್ನು ಉಳಿದ ವಾರಗಳಲ್ಲಿ ಖಾಲಿ ಇಡುತ್ತೇವೆ. ಸೋಮವಾರ ಮಾತ್ರ ಕೇಳಬೇಡಿ.

ನಿಮ್ಮ ಸೊಸೆ
(ಇವತ್ತು ಮಂಗಳವಾರ. ಝೂಲ ತೆಗೆದಿದ್ದೇನೆ. ಕುಂತೇನಿ.)