ಆರೆಳೆ ದಾರ

ದೊಡ್ಡಬಳ್ಳಾಪುರ
ತಾ. ೯-೫-೧೯೭೨, ಮಂಗಳವಾರ

ಪ್ರೀತಿಯ ಮೈದುನ ಚಿರಂಜೀವಿ ಸೊಣ್ಣಪ್ಪನಿಗೆ,

ನಿನ್ನ ಅತ್ತಿಗೆ ಮುನಿತಾಯಮ್ಮ ನೂರು ಕಾಲ ಚೆನ್ನಾಗಿರು ಎಂದು ಹರಸಿ ಬರೆಯುತ್ತಿರುವ ಕಾಗದ. ಹೇಗಿದ್ದೀಯಪ್ಪಾ? ಮೊದಲು ಕೆಮ್ಮಿನ ವಿಷಯ ಹೇಳು. ಇಲ್ಲಿದ್ದಾಗ ಮಗ್ಗದ ಗುಂಡಿಯ ಥಂಡಿಗೆ ಬೆಳಗಾಗುವ ತನಕ ಕೆಮ್ಮುತ್ತಿದ್ದೆ. ಕೊಳ್ಳೇಗಾಲದ ಮಗ್ಗಗಳು ಹೇಗಿವೆಯೋ, ಮೆಣಸಿನ ಕಷಾಯ ಮಾಡಿಕೊಡುವವರು ಯಾರಿದ್ದಾರೋ. ಯುಗಾದಿಗೆ ನಿನ್ನ ಕಾರ್ಡು ಬಂತು. ‘ನಾನು ಕ್ಷೇಮ. ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಊರಿಗೆ ಬರಲಾಗುವುದಿಲ್ಲ.’ ಅಷ್ಟೇ! ಅಷ್ಟಗಲದ ಕಾರ್ಡಿನಲ್ಲಿ ಮೂರು ಗೆರೆ ಗೀಚಿ ಮಿಕ್ಕದ್ದನ್ನು ಖಾಲಿ ಬಿಟ್ಟಿದ್ದೀಯಲ್ಲ, ಆ ಖಾಲಿ ಜಾಗವನ್ನು ನಾನು ಏನಂತ ಓದಿಕೊಳ್ಳಲಿ? ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿನಗೆ ಹನ್ನೊಂದು ವರ್ಷ. ಮುದ್ದೆಗೆ ತುಪ್ಪ ಸಾಲದು ಎಂದು ಗಲಾಟೆ ಮಾಡುತ್ತಿದ್ದವನು ಈಗ ಮೂರು ಗೆರೆಯ ಮನುಷ್ಯನಾಗಿಬಿಟ್ಟೆ.

ಇಲ್ಲಿ ನಾವು ಇದ್ದೇವೆ. ಗಂಗಲಕ್ಷ್ಮಿ ಎರಡನೇ ಕ್ಲಾಸು ಪಾಸಾದಳು. ‘ಚಿಕ್ಕಪ್ಪ ಅಲ್ಲಿ ಯಾವ ಮೀನು ಹಿಡೀತಾನೆ?’ ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ. ಮೊನ್ನೆ ಬೂದಿಗೆರೆಯಿಂದ ನಮ್ಮಣ್ಣ ನರಸಿಂಹಯ್ಯ ಬಂದು ಒಂದು ಚೀಲ ರಾಗಿ ಹಾಕಿ ಹೋದ. ನಿಮ್ಮಣ್ಣನ ಮಗ್ಗವನ್ನು ನಾನೇ ನಡೆಸುತ್ತಿದ್ದೇನೆ. ಸೊಂಟ ಹಿಡಿದುಕೊಳ್ಳುತ್ತದೆ, ಆದರೂ ಕೈ ಕೂತಿದೆ. ಅತ್ತೆಗೆ ಎರಡೂ ಕಣ್ಣು ಮಸುಕಾಗಿವೆ. ಬೆರಳಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ. ರೇಷ್ಮೆ ಹುರಿಯನ್ನು ಹೆಬ್ಬೆರಳಲ್ಲಿ ಉಜ್ಜಿ ಎಷ್ಟು ಎಳೆ, ಎಡಕ್ಕೆ ಹೊಸೆದದ್ದೋ ಬಲಕ್ಕೆ ಹೊಸೆದದ್ದೋ, ಈಗಲೂ ಹೇಳುತ್ತಾರೆ. ಈ ಕಾಗದವೂ ಅವರ ಅಪ್ಪಣೆಯೇ. ಎರಡೂವರೆ ವರ್ಷ ನಿನ್ನ ಹೆಸರೆತ್ತದವರು ಇವತ್ತು ಬೆಳಿಗ್ಗೆ ಮುಖ ತೊಳೆಯುವುದಕ್ಕೂ ಮುಂಚೆ, ‘ಕಾಗ್ದ ಪೆನ್ನು ತಗೊಂಬಾ ಮುನಿತಾಯಿ, ಅವನ್ಗೆ ಬರೀಬೇಕು’ ಎಂದರು. ಕಂಬಕ್ಕೆ ಒರಗಿ ಎದುರಿಗೇ ಕೂತಿದ್ದಾರೆ. ಬರೆದದ್ದನ್ನು ಪೂರ್ತಿ ಓದಿ ಹೇಳಬೇಕಂತೆ. ಮೊದಲಿನಿಂದ ಬರಿ, ಒಂದೂ ಬಿಡಬೇಡ ಅನ್ನುತ್ತಿದ್ದಾರೆ. ಅದಕ್ಕೇ ನಿನಗೆ ಗೊತ್ತಿರುವುದನ್ನೇ ಬರೆದರೆ ಬೇಜಾರು ಮಾಡಿಕೊಳ್ಳಬೇಡ.

ಮೊದಲು ಅಂದರೆ ಎಲ್ಲಿಂದ ಅಂತ ಹಿಡಿಯಲಿ? ನಿಮ್ಮ ಆ ಹಾಳು ವಾದದಿಂದಲೇ ಹಿಡಿಯಬೇಕು. ಭಾನುವಾರ ಮಗ್ಗಕ್ಕೆ ರಜ ಬಂತೆಂದರೆ ನೀನು, ನಿಮ್ಮಣ್ಣ, ಬಣ್ಣದ ಅಂಗಡಿಯ ಕಲೀಮುಲ್ಲಾ, ಮೂವರೂ ಗಾಳ ಹಿಡಿದು ಕೆರೆ ಏರಿಯ ಮೇಲೆ. ಸಾಯಂಕಾಲ ಜಗುಲಿಯ ಮೇಲೆ ಕೂತು ಒಂದೇ ರಾಗ: ಗಾಳಕ್ಕೆ ಬಿದ್ದ ಮೇಲೆ ಯಾವ ಮೀನು ಎಲ್ಲಕ್ಕಿಂತ ಚೆನ್ನಾಗಿ ಸೆಣಸುತ್ತದೆ? ನಿಮ್ಮಣ್ಣನಿಗೆ ಕೊರಮೀನೇ ದೇವರು. ಕಪ್ಪೆಮರಿ ಕಟ್ಟಿ ಬಿಟ್ಟರೆ ಜೊಂಡಿನ ಸಂದಿಯಿಂದ ಬಂದು ಡಬ್ ಅಂತ ಹೊಡೆಯುತ್ತದೆ, ಮೇಲೆ ನೆಗೆಯುತ್ತದೆ, ಎಚ್ಚರ ತಪ್ಪಿದರೆ ಜೊಂಡಿಗೆ ದಾರ ಸುತ್ತಿ ಹೋಗಿಬಿಡುತ್ತದೆ, ಅದಕ್ಕೆ ತಲೆ ಇದೆ ಕಣೋ ಅನ್ನುತ್ತಿದ್ದರು. ಕಲೀಮುಲ್ಲಾನದು ಗೆಂಡೆ. ಹಿಟ್ಟಿನ ಉಂಡೆಯನ್ನು ಹೊಸ ಸೊಸೆಯ ಹಾಗೆ ನಾಚಿಕೊಂಡು ಚಪ್ಪರಿಸುತ್ತದಂತೆ, ಚುಚ್ಚಿದ ಮೇಲೆ ಅರ್ಧ ಗಂಟೆ ಕೆರೆಯನ್ನೆಲ್ಲ ಸುತ್ತಿಸುತ್ತದಂತೆ. ನಿನ್ನದು ಬಾಳೆಮೀನು. ‘ಅದು ನೆಗೆಯಲ್ಲ, ಕುಣಿಯಲ್ಲ, ತಳಕ್ಕೆ ಎಳೀತದೆ ಅಷ್ಟೇ. ಎಮ್ಮೆ ಹಗ್ಗ ಹಿಡ್ಕೊಂಡಂಗೆ’ ಅನ್ನುತ್ತಿದ್ದೆ. ನಾನು ಒಳಗೆ ಮಸಾಲೆ ಅರೆಯುತ್ತಾ, ಸಾರಿಗೆ ಬಿದ್ದ ಮೇಲೆ ಮೂರೂ ಒಂದೇ ಕಣ್ರಯ್ಯಾ ಅಂತ ಕೂಗಿದರೆ ಮೂವರೂ ನನ್ನ ಮೇಲೆಯೇ ಬೀಳುತ್ತಿದ್ದಿರಿ. ಎಷ್ಟು ನಗುತ್ತಿದ್ದೆವು ಸೊಣ್ಣಪ್ಪ. ಈಗ ಜಗುಲಿಯ ಮೇಲೆ ಹುರಿ ಒಣಗಿಸುತ್ತೇನೆ.

ನಮ್ಮ ಮನೆಯ ಗಾಳಕ್ಕೆ ಅಂಗಡಿಯ ದಾರ ಯಾವತ್ತೂ ಬರಲಿಲ್ಲ. ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಗಳನ್ನು ತೊಡೆಯ ಮೇಲೆ ಹೊಸೆದು ಮಾಡಿದ ಹುರಿಯೇ. ಅದೂ ಮೂರೇ ಎಳೆ. ಇದು ಮಾವನವರು ಹಾಕಿಕೊಟ್ಟ ಕಟ್ಟು. ಮೂರೆಳೆಯಲ್ಲಿ ನಿಂತ ಮೀನು ನಮ್ಮದು, ಹರಿದುಕೊಂಡು ಹೋದದ್ದು ಕೆರೆಯ ಗಂಗಮ್ಮನದು; ಅದಕ್ಕಿಂತ ಗಟ್ಟಿ ದಾರ ಹಾಕುವವನು ಗಂಗಮ್ಮನ ಪಾಲಿಗೆ ಕೈ ಹಾಕಿದ ಹಾಗೆ ಎನ್ನುತ್ತಿದ್ದರು. ಹುರಿ ಹೊಸೆಯುವ ಕೆಲಸ ನಿನ್ನದು. ನಿಮ್ಮಣ್ಣನ ಬಲಗೈಯ ಎರಡು ಬೆರಳು ಯಂತ್ರದ ಮಗ್ಗದ ಪಟ್ಟಿಗೆ ಸಿಕ್ಕಿ ಹೋದ ಮೇಲಂತೂ ಅವರ ದಾರವನ್ನೂ ನೀನೇ ಹೊಸೆದು ಕೊಡುತ್ತಿದ್ದೆ.

ಆ ಕಾರ್ತೀಕದಲ್ಲಿ ಕೆರೆ ಕೋಡಿ ಬಿದ್ದಿತ್ತು. ತೂಬಿನ ಹತ್ತಿರದ ಮಡುವಿನಲ್ಲಿ ಯಾವುದೋ ದೊಡ್ಡ ಮೀನು ಸೇರಿಕೊಂಡು ಮೂರು ಭಾನುವಾರ ಮೂರು ಸಲ ನಿಮ್ಮಣ್ಣನ ದಾರ ಹರಿದುಕೊಂಡು ಹೋಯಿತು. ಅವರು ಅದನ್ನು ಕೊರಮೀನು ಅಂದರು. ನೀನು ಬಿಡುತ್ತೀಯಾ? ‘ಅದು ಬಾಳೆಮೀನು ಕಣಣ್ಣಾ, ನಿನ್ ಮೂರು ಬೆರಳಿಗೆ ಬಗ್ಗಲ್ಲ’ ಎಂದೆ. ಹಿಡಿದು ತಂದು ತೋರಿಸಿದರೆ ನಿನ್ನ ಅರ್ಧ ಮೀಸೆ ಬೋಳಿಸಬೇಕು ಅಂತ ಪಂದ್ಯ ಆಯಿತು. ನಾಲ್ಕನೇ ಭಾನುವಾರ ಬೆಳಿಗ್ಗೆ ನೀನು ಮುಂದಾಗಿ ಹೊರಟವನು ಬೀದಿಯಿಂದಲೇ ಕೂಗಿದೆ: ‘ಕೈಗೆ ಕಟ್ಕೊಂಡು ಬಂದ್ರೂ ನಿನ್ ಕೈಲಾಗಲ್ಲ ಹೋಗಣ್ಣೋ!’ ಈ ಮಾತು ಅತ್ತೆಯ ಕಿವಿಗೆ ಬಿತ್ತು. ನಿಮ್ಮಣ್ಣ ದಾರದ ತುದಿಯನ್ನು ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡೇ ಹೋದರು. ಆಮೇಲೆ ನಡೆದದ್ದನ್ನು ನಾನು ಕಂಡಿಲ್ಲ, ನೀನು ಕಂಡಿದ್ದೀಯ. ಮೀನು ಎಳೆದ ರಭಸಕ್ಕೆ ತೂಬಿನ ಪಾಚಿ ಕಲ್ಲಿನಿಂದ ಕಾಲು ಜಾರಿತಂತೆ. ಮೀನು ತೂಬಿನ ಕಂಬ ಸುತ್ತಿತಂತೆ. ಕೈ ನೀರಿನೊಳಗೆ ಕಂಬಕ್ಕೆ ಬಿಗಿದುಕೊಂಡಿತಂತೆ. ಏರಿಯ ಆ ಕೊನೆಯಿಂದ ನೀನು ಓಡಿ ಬಂದು, ಮುಳುಗಿ, ಕುಡುಗೋಲಿನಲ್ಲಿ ದಾರ ಕೊಯ್ದು ಎತ್ತುವ ಹೊತ್ತಿಗೆ ಉಸಿರು ಇರಲಿಲ್ಲ. ಮೀನು ತನ್ನ ಪಾಡಿಗೆ ಹೋಯಿತು. ಅದು ಕೊರಮೀನೋ ಬಾಳೆಮೀನೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನೀವು ಜಗುಲಿಯ ಮೇಲೆ ಕೂತು ಯಾವುದು ಶೂರ ಅಂತ ತೀರ್ಪು ಕೊಡುತ್ತಿದ್ದಿರಿ. ಅದು ಪಾಪ, ತನ್ನ ಜೀವ ಉಳಿಸಿಕೊಳ್ಳಲು ಒದ್ದಾಡಿತು.

ಹೆಣ ಮನೆಯ ಮುಂದೆ ಇಳಿಸಿದಾಗ ಅತ್ತೆ ಎಲ್ಲರ ಎದುರಿಗೆ, ‘ನಿನ್ ಬಾಯಿಂದ್ಲೇ ಹೋದ ಕಣೋ ನನ್ ಮಗ, ನೀನು ನನ್ ಕಣ್ಮುಂದೆ ಇರ್ಬೇಡ’ ಎಂದರು. ಹನ್ನೊಂದನೆಯ ದಿನ ಮುಗಿಸಿ ನೀನು ಹೊರಟುಹೋದೆ. ಒಂದು ಮಾತೂ ಎದುರಾಡಲಿಲ್ಲ. ಇದನ್ನು ಬರೆಯುವಾಗ ಅತ್ತೆಯ ಕಡೆ ನೋಡಿದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಬೇಸಿಗೆಯಲ್ಲಿ ಕೆರೆ ತಳ ಕಂಡಿದೆ. ತೂಬು ರಿಪೇರಿಗೆ ಆಳು ಇಳಿದಿದ್ದರು. ಕೆಸರು ತೆಗೆಯುವಾಗ ಕಲ್ಲುಕಂಬಕ್ಕೆ ಸುತ್ತಿಕೊಂಡಿದ್ದ ದಾರದ ತುಂಡು ಸಿಕ್ಕಿತು. ಕಲೀಮುಲ್ಲಾ ಗುರುತು ಹಿಡಿದು, ಬಿಸಾಡಲು ಮನಸ್ಸು ಬಾರದೆ, ತೊಳೆದು ಕರ್ಚೀಫಿನಲ್ಲಿ ಸುತ್ತಿ ನಿನ್ನೆ ಸಾಯಂಕಾಲ ತಂದುಕೊಟ್ಟ. ಬಣ್ಣ ಹೋಗಿ ಕರ್ರಗಾಗಿದೆ, ನೂಲು ಮಾತ್ರ ಗಟ್ಟಿಯಾಗಿಯೇ ಇದೆ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಅತ್ತರು. ಅಳುತ್ತಾ ಅಳುತ್ತಾ ಬೆರಳು ತನ್ನ ಕೆಲಸ ಮಾಡಿತು ನೋಡು. ಅಳು ನಿಂತುಹೋಯಿತು. ‘ಇದು ಆರೆಳೆ. ನಮ್ಮನೇಲಿ ಆರೆಳೆ ಹೊಸ್ದೋರು ಯಾರು?’ ಎಂದರು. ಮೂರೆಳೆಯಾಗಿದ್ದರೆ ಹರಿದುಹೋಗುತ್ತಿತ್ತು, ಮಗ ಒದ್ದೆ ಬಟ್ಟೆಯಲ್ಲಿ ಬೈದುಕೊಂಡು ಮನೆಗೆ ಬರುತ್ತಿದ್ದ. ಅದು ಅವರಿಗೂ ಗೊತ್ತು, ನಿನಗೂ ಗೊತ್ತು. ಈ ಮನೆಯಲ್ಲಿ ಗಾಳದ ಹುರಿ ಹೊಸೆಯುತ್ತಿದ್ದವನು ನೀನೊಬ್ಬನೇ. ‘ಬಾಯಿ ತಪ್ಪಿ ಆಡಿದ ಅನ್ಕೊಂಡಿದ್ದೆ, ಕೈಯಾರೆ ಮಾಡಿದ್ನಾ?’ ಎಂದು ಗೋಡೆಗೆ ತಲೆ ಚಚ್ಚಿಕೊಂಡರು. ನಿನ್ನೆಯಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: ‘ನಾನು ಸಾಯೋಕ್ಮುಂಚೆ ನಿಜ ಬೇಕು. ಆ ದಾರ ಹೊಸ್ದೋನು ನೀನೇನಾ? ಹೌದು ಅಂದ್ರೆ ನನ್ ಮಣ್ಣಿಗೂ ಬರ್ಬೇಡ. ಅಲ್ಲ ಅಂದ್ರೆ ಬಂದು ನನ್ ತಲೆ ಮುಟ್ಟಿ ಹೇಳು.’ ಇದಕ್ಕೆ ಉತ್ತರ ಬೇಕಂತೆ, ವಾರದೊಳಗೆ.

ಕಲೀಮುಲ್ಲಾ ಸಲಾಮು ಹೇಳಿದ್ದಾನೆ. ಕಾವೇರಿಯ ಬಿಳಿಮೀನಿನ ಮುಂದೆ ನಮ್ಮ ಕೆರೆಯ ಮೀನುಗಳೆಲ್ಲ ಹಸುಗೂಸುಗಳಂತೆ, ನೀನು ನೋಡಿದೆಯಾ ಎಂದು ಕೇಳಿದ್ದಾನೆ. ಅವತ್ತಿನಿಂದ ಅವನೂ ಗಾಳ ಮುಟ್ಟಿಲ್ಲ, ಸುಮ್ಮನೆ ಕೇಳುವುದಕ್ಕೆ ಒಂದು ಮಾತು ಬೇಕಲ್ಲ. ಗಂಗಲಕ್ಷ್ಮಿ ನಮಸ್ಕಾರ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಎದೆಗೆ ಥಂಡಿ ಬೀಳದ ಹಾಗೆ ನೋಡಿಕೋ. ಎಲ್ಲಿದ್ದರೂ ನೀನು ನಾನು ತುತ್ತಿಟ್ಟು ಬೆಳೆಸಿದವನು. ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಅತ್ತಿಗೆ
ಮುನಿತಾಯಮ್ಮ

ತಾ. ಕ.: ಓದಿ ಹೇಳಿದ್ದಾಯಿತು. ಅತ್ತೆ ಗಂಗಲಕ್ಷ್ಮಿಯ ಕೈ ಹಿಡಿದು ಹಿತ್ತಲಿಗೆ ಹೋಗಿದ್ದಾರೆ, ಬರುವಷ್ಟರಲ್ಲಿ ಬರೆದು ಮುಗಿಸಬೇಕು. ಉತ್ತರ ಬರೆಯಬೇಡ ಸೊಣ್ಣಪ್ಪ. ಹೊಸೆದವಳು ನಾನು. ನೀನು ಕೊಟ್ಟ ಮೂರೆಳೆಗೆ ಇನ್ನು ಮೂರು ಸೇರಿಸಿ ಹೊಸೆದೆ. ನಿಮ್ಮಣ್ಣ ಕೇಳಿರಲಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ಮೂರು ಭಾನುವಾರ ಬರಿಗೈಲಿ ಬಂದು, ನಿಮ್ಮ ನಗು ಮುಗಿದ ಮೇಲೆ ಮೂಲೆಯಲ್ಲಿ ಕೂತು ಮೋಟು ಬೆರಳು ನೋಡಿಕೊಳ್ಳುತ್ತಿದ್ದರು. ಒಂದು ಸಲ ಗೆದ್ದು ಬರಲಿ ಅನ್ನಿಸಿತು, ಅಷ್ಟೇ. ಕೈಗೆ ಕಟ್ಟಿದವಳೂ ನಾನೇ. ನಿನ್ನ ಮಾತು ಕೇಳಿ ನಗುತ್ತಾ ಎಡಗೈ ಚಾಚಿದರು, ಹೊಸಿಲಲ್ಲಿ ನಿಂತು ಮಗ್ಗದ ಗಂಟು ಹಾಕಿದೆ. ಎಳೆದಷ್ಟೂ ಬಿಗಿಯುವ ಗಂಟು. ಅತ್ತೆ ನಿನ್ನನ್ನು ಶಪಿಸುವಾಗ ಸೆರಗು ಬಾಯಿಗೆ ತುರುಕಿಕೊಂಡು ಸುಮ್ಮನಿದ್ದೆ. ಪಾಪಿ ನಾನು. ನೀನು ಒಂದೇ ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದೆ. ನಿನ್ನೆ ಅತ್ತೆಯ ಬೆರಳು ಎಳೆ ಎಣಿಸುವುದನ್ನು ನೋಡುವಾಗ ಆ ನೋಟ ನೆನಪಾಯಿತು. ದಾರ ಕೊಯ್ದವನು ನೀನು. ಎಷ್ಟೆಳೆ ಅಂತ ನಿನ್ನ ಬೆರಳಿಗೂ ಅವತ್ತೇ ಗೊತ್ತಾಗಿತ್ತು, ಅಲ್ಲವಾ? ಗೊತ್ತಿದ್ದೂ ಹೊರಟುಹೋದೆ. ಈ ಕಾಗದವನ್ನು ಡಬ್ಬಿಗೆ ಹಾಕಿ ಬಂದು ಅತ್ತೆಗೆ ಎಲ್ಲ ಹೇಳಿಬಿಡುತ್ತೇನೆ. ಮೊದಲೇ ಹೇಳಲು ಹೋದರೆ ಧೈರ್ಯ ಕೆಟ್ಟು ಕಾಗದವೂ ಹೋಗುವುದಿಲ್ಲ. ನೀನು ಬಂದುಬಿಡು. ಬಂದಾಗ ಬಾಗಿಲಲ್ಲಿ ನಾನು ಕಾಣದಿದ್ದರೆ ಬೂದಿಗೆರೆಯಲ್ಲಿ ನಮ್ಮಣ್ಣನ ಮನೆಯಲ್ಲಿರುತ್ತೇನೆ. ಬಂದವನೇ ನನ್ನನ್ನು ಹುಡುಕಿಕೊಂಡು ಬರಬೇಡ. ಮೊದಲು ನಿಮ್ಮಮ್ಮನ ಪಕ್ಕದಲ್ಲಿ ಕೂತು ಊಟ ಮಾಡು.