ತಳದಲ್ಲಿ ಒಂದು ಡಾಲರ್

ನೆವಾರ್ಕ್, ಕ್ಯಾಲಿಫೋರ್ನಿಯಾ
ಭಾನುವಾರ, ೧೫ ಸೆಪ್ಟೆಂಬರ್ ೨೦೨೪

ಪ್ರೀತಿಯ ಇಂದು,

ಹೇಗಿದ್ದೀಯ? ಅತ್ತೆ ವಾಕರ್ ಹಿಡಿದು ವರಾಂಡದವರೆಗೆ ನಡೆದರು ಅಂತ ನಿನ್ನ ತಮ್ಮ ಸುಧನ್ವ ಮೆಸೇಜು ಹಾಕಿದ್ದ. ಸೊಂಟದ ಮೂಳೆ ಮುರಿದ ಏಳನೇ ವಾರಕ್ಕೇ ಅಷ್ಟು ನಡೆದಿದ್ದಾರೆಂದರೆ ಗಟ್ಟಿ ಜೀವ. ನೀನು ಸರಿಯಾಗಿ ಊಟ, ನಿದ್ದೆ ಮಾಡುತ್ತಿದ್ದೀಯಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಲಾಸ್ಯಾಗೆ ಕೊಡಿ' ಅನ್ನುತ್ತೀಯ, ನಾನು ಕೊಡುತ್ತೇನೆ, ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯುತ್ತದೆ. ಹೇಗೂ ನಿನ್ನ ಸಹಿಗೆ ಒಂದು ಫಾರಂ ಅಂಚೆಯಲ್ಲಿ ಕಳಿಸಬೇಕಾಗಿದೆ, ಜೊತೆಗೆ ನಾಲ್ಕು ಸಾಲು ಬರೆಯೋಣ ಅಂತ ಕೂತೆ. ಕೈಯಲ್ಲಿ ಕನ್ನಡ ಬರೆದು ಹದಿನೈದು ವರ್ಷವಾಗಿದೆ. ಒತ್ತಕ್ಷರ ತಪ್ಪಿದ್ದರೆ ನಗು, ತಿದ್ದಬೇಡ.

ಲಾಸ್ಯಾ ಚೆನ್ನಾಗಿದ್ದಾಳೆ. ನಾಲ್ಕನೇ ಗ್ರೇಡಿನ ಟೀಚರು ಅವಳಿಗೆ ಹಿಡಿಸಿದ್ದಾರೆ. ಜಡೆ ಹಾಕಲು ನನಗೆ ಬರುವುದಿಲ್ಲವೆಂದು ಒಂದೇ ವಾರದಲ್ಲಿ ತೀರ್ಮಾನಿಸಿ ಈಗ ತಾನೇ ಪೋನಿಟೇಲು ಕಟ್ಟಿಕೊಳ್ಳುತ್ತಾಳೆ. ಹರಿಪ್ರಿಯಾ ಬುಧವಾರ ಬುಧವಾರ ಸಾರು ಮಾಡಿ ತಂದುಕೊಡುತ್ತಾಳೆ, ನನ್ನ ಮುಖ ಮಾತ್ರ ನೋಡುವುದಿಲ್ಲ. ನಿನ್ನ ಗೆಳತಿ ಅಲ್ಲವೇ, ನೋಡದಿದ್ದರೆ ತಪ್ಪಿಲ್ಲ. ನನಗೇನೂ ಆಗಿಲ್ಲ, ಸುಸ್ತು ಅಷ್ಟೆ. ಆಫೀಸಿನ ಸುಸ್ತು ನಿದ್ದೆ ಮಾಡಿದರೆ ಹೋಗುತ್ತದೆ, ಇದು ಹೋಗುತ್ತಿಲ್ಲ.

ಎಲ್ಲ ಶುರುವಾದದ್ದು ಆಫೀಸಿನ ಗುರುಕಿರಣನಿಂದ ಅಂತ ಅವನ ಮೇಲೆ ಹಾಕಬಹುದು. ಲಂಚ್ ಹೊತ್ತಿನಲ್ಲಿ ಅವನು ಹೇಳಿದ್ದು ಇಷ್ಟೇ: ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದು ಎರಡು ಸಲ ಸಂಬಳ ಅಲ್ಲಿ ಬೀಳುವ ಹಾಗೆ ಮಾಡು, ಮುನ್ನೂರು ಡಾಲರ್ ಬೋನಸ್ಸು ಕೊಡುತ್ತಾರೆ, ಆಮೇಲೆ ಮುಚ್ಚಿ ಇನ್ನೊಂದಕ್ಕೆ ಹೋಗು. ಕೂತಲ್ಲೇ ಬರುವ ದುಡ್ಡು. ಅವನು ಎರಡು ಖಾತೆ ತೆರೆದು ಸುಮ್ಮನಾದ. ಹುಚ್ಚು ಹತ್ತಿಸಿಕೊಂಡವನು ನಾನು. ಎರಡು ವರ್ಷದಲ್ಲಿ ಹದಿನಾಲ್ಕು ಖಾತೆ, ಅದರಲ್ಲಿ ಐದಕ್ಕೆ ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ಇಲ್ಲಲ್ಲದಿದ್ದರೆ ದೂರದ ಗಿಲ್‌ರಾಯ್‌ನಲ್ಲಾದರೂ ಒಂದು ಮನೆ, ಅದರ ಮುಂಗಡಕ್ಕೆ ಆಗುತ್ತದೆ ಅಂತ ನಿನಗೆ ಹೇಳುತ್ತಿದ್ದೆ. ಎರಡು ವರ್ಷದ ಬೋನಸ್ಸೆಲ್ಲ ಕೂಡಿದರೆ ಆ ಮನೆಯ ಅಡುಗೆಕೋಣೆಗೂ ಸಾಲುತ್ತಿರಲಿಲ್ಲ. ಭಾನುವಾರ ಕಾಫಿ ಮುಗಿಯುವ ಮೊದಲೇ ಲ್ಯಾಪ್‌ಟಾಪು ತೆಗೆದು ಯಾವ ಖಾತೆಗೆ ಯಾವ ತಾರೀಖು ಅಂತ ನೋಡುತ್ತಿದ್ದೆ. 'ಕೊಯೊಟೆ ಹಿಲ್ಸ್‌ಗೆ ಹೋಗಿ ಬರೋಣ ರೀ, ಬಿಸಿಲು ಚೆನ್ನಾಗಿದೆ' ಅಂತ ನೀನು ಎಷ್ಟು ಭಾನುವಾರ ಕೇಳಿದ್ದೀಯೋ, ಅದನ್ನು ಮಾತ್ರ ನಾನು ಬರೆದಿಡಲಿಲ್ಲ.

ಜುಲೈ ತಿಂಗಳ ಆ ಬೆಳಿಗ್ಗೆಯ ಬಗ್ಗೆ ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದರು, ಆಪರೇಷನ್ನಿಗೆ ಐದು ಲಕ್ಷ ಮುಂಗಡ ಕಟ್ಟಬೇಕು ಅಂತ ಸುಧನ್ವ ಫೋನು ಮಾಡಿದ. ನಮ್ಮಲ್ಲಿ ಹಣವಿತ್ತು. ಇದ್ದದ್ದೆಲ್ಲ ಒಂದೇ ಖಾತೆಯಲ್ಲಿತ್ತು, ತೊಂಬತ್ತು ದಿನ ಮುಟ್ಟದೆ ಇಟ್ಟರೆ ಆರುನೂರು ಡಾಲರ್ ಬೋನಸ್ಸು. ಎಪ್ಪತ್ತೊಂಬತ್ತು ದಿನ ಕಳೆದಿತ್ತು. ನಾನು ನಿನಗೆ ಏನು ಹೇಳಿದೆ? 'ಹನ್ನೊಂದೇ ದಿನ ತಡ್ಕೋ ಇಂದು, ಆಮೇಲೆ ಎಷ್ಟು ಬೇಕಾದ್ರೂ ಕಳಿಸೋಣ.' ಮೂಳೆ ಮುರಿದು ಮಲಗಿದವರಿಗೆ ನಾನು ತಾರೀಖು ಕೊಟ್ಟೆ. ಸುಧನ್ವ ಹೆಂಡತಿಯ ಒಡವೆ ಅಡವಿಟ್ಟು ಆಸ್ಪತ್ರೆಗೆ ಕಟ್ಟಿದ. ನೀನು ನಿನ್ನ ಕಾರ್ಡಿನಲ್ಲೇ ಟಿಕೆಟ್ಟು ತೆಗೆದುಕೊಂಡೆ. ಬಾಗಿಲಲ್ಲಿ ಲಾಸ್ಯಾಳ ತಲೆ ಸವರಿ, ಸೂಟ್‌ಕೇಸು ಎತ್ತಿಕೊಂಡು, ನನಗೆ 'ಹೋಗ್ತೀನಿ' ಅಂದೆ. ಹನ್ನೆರಡು ವರ್ಷದಲ್ಲಿ ಪಕ್ಕದ ಅಂಗಡಿಗೆ ಕೊತ್ತಂಬರಿ ತರಲು ಹೊರಟಾಗಲೂ ನೀನು 'ಹೋಗ್ಬರ್ತೀನಿ' ಅನ್ನದೆ ಹೊಸ್ತಿಲು ದಾಟಿದವಳಲ್ಲ. ಬಾಯಿ ತಪ್ಪಿ ಬಂತೋ, ಬೇಕೆಂದೇ ಅಂದೆಯೋ ಅಂತ ಏಳು ವಾರದಿಂದ ಯೋಚಿಸುತ್ತಿದ್ದೇನೆ. ಕೇಳಲು ಧೈರ್ಯವಿಲ್ಲ. ಹನ್ನೊಂದನೆಯ ದಿನ ಆರುನೂರು ಡಾಲರ್ ಸರಿಯಾಗಿ ಬಂದು ಬಿತ್ತು. ನನಗೆ ನಾಚಿಕೆಯಾಯಿತು, ಇಂದು.

ಮಾರನೆಯ ದಿನವೇ ಒಂದೊಂದಾಗಿ ಎಲ್ಲವನ್ನೂ ಮುಚ್ಚಲು ಹೊರಟೆ. ನನ್ನ ಹೆಸರಿನವು ಬೇಗ ಮುಗಿದವು. ಆಮೇಲೆ ನಿನ್ನ ಹೆಸರಿಗೆ ಬ್ಯಾಂಕುಗಳಿಂದ ಕಾಗದ ಬರಲು ಶುರುವಾದವು. ಮೇ ತಿಂಗಳಲ್ಲಿ ಹಣವನ್ನೆಲ್ಲ ಆ ಒಂದೇ ಖಾತೆಗೆ ಸೇರಿಸುವಾಗ ನೀನೇ ಕೂತು ಖಾಲಿ ಮಾಡಿದ್ದ ಐದು ಖಾತೆ ಮುಚ್ಚಿಯೇ ಇರಲಿಲ್ಲ. ಪ್ರತಿಯೊಂದರಲ್ಲೂ ಸರಿಯಾಗಿ ಒಂದು ಡಾಲರ್ ಬಿಟ್ಟಿದ್ದೀಯ! ಹಣ ಕಡಿಮೆ ಇದೆ ಅಂತ ಅವರು ತಿಂಗಳಿಗೆ ಹನ್ನೆರಡು ಡಾಲರ್ ದಂಡ ಹಾಕುತ್ತಾ ಹೋಗಿದ್ದಾರೆ. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಸಿಟ್ಟೇ ಬಂತು. ಇಷ್ಟು ಓದಿದವಳು ಸೊನ್ನೆ ಒತ್ತಲು ಬಾರದೇ ಅಂತ ಕಿಚನ್ನಿನಲ್ಲಿ ಒಬ್ಬನೇ ಗೊಣಗಿದೆ.

ಅದರ ಮಾರನೆಯ ಸಂಜೆ ಅನ್ನಕ್ಕಿಡುತ್ತಿದ್ದೆ. ಅಕ್ಕಿ ಡಬ್ಬ ತಳ ಕಂಡಿತ್ತು, ಹೊಸ ಮೂಟೆ ಇನ್ನೂ ಕಾರಿನಲ್ಲೇ ಇತ್ತು. ಡಬ್ಬ ಬಗ್ಗಿಸಿ ಎಲ್ಲ ಸುರಿದುಕೊಳ್ಳುವಷ್ಟರಲ್ಲಿ ಲಾಸ್ಯಾ ಓಡಿಬಂದು, 'ಅಪ್ಪಾ, ನಾಟ್ ಆಲ್! ಸ್ವಲ್ಪ ಬಿಡಬೇಕು, ಅಮ್ಮ ಆಲ್‌ವೇಸ್ ಡಸ್' ಅಂತ ನನ್ನ ಲೋಟದಿಂದ ಒಂದು ಹಿಡಿ ತೆಗೆದು ಡಬ್ಬಕ್ಕೆ ವಾಪಸ್ಸು ಹಾಕಿದಳು. ನಾನು ಒಲೆಯ ಮುಂದೆ ಹಾಗೇ ನಿಂತೆ. ಪೂರ್ತಿ ಬರಿದು ಮಾಡಿದರೆ ಮತ್ತೆ ತುಂಬುವುದಿಲ್ಲ ಅಂತ ನೀನು ಅನ್ನುವುದು, ಹಳೇ ಅಕ್ಕಿಗೆ ಹುಳ ಬರುತ್ತೆ ಅಂತ ನಾನು ರೇಗಿಸುವುದು, ಎಷ್ಟು ಸಲ ಆಗಿದೆ ಇದು! ನನ್ನ ಹುಚ್ಚಿನ ಖಾತೆಗಳನ್ನೂ ನೀನು ಮನೆಯ ಡಬ್ಬಗಳ ಹಾಗೆ ನೋಡಿಕೊಂಡಿದ್ದೆ. ನಾನು ಅಕ್ಕಿ ಹಿಡಿದುಕೊಂಡು ಅತ್ತುಬಿಟ್ಟೆ. ಮಗಳು ನೋಡಿದಳು, ಪರವಾಗಿಲ್ಲ.

ದಂಡ ಕಟ್ಟಿ ಆ ಐದನ್ನೂ ಮುಚ್ಚಿದ್ದೇನೆ. ಈಗ ಸಂಬಳದ ಖಾತೆ ಬಿಟ್ಟರೆ ಉಳಿದಿರುವುದು ಒಂದೇ, ಆ ತೊಂಬತ್ತು ದಿನದ್ದು. ಅದರಲ್ಲಿದ್ದ ಹಣದಿಂದ ಒಡವೆ ಬಿಡಿಸಲು ಬೇಕಾದಷ್ಟನ್ನು, ಬಡ್ಡಿ ಸಮೇತ, ಶುಕ್ರವಾರ ಸುಧನ್ವನಿಗೆ ಕಳಿಸಿದೆ. ನಿನ್ನ ಟಿಕೆಟ್ಟಿನ ಕಾರ್ಡೂ ತೀರಿಸಿದೆ. ಮಿಕ್ಕಿದ್ದು ಸಂಬಳದ ಖಾತೆಯಲ್ಲಿದೆ, ಯಾವಾಗ ಬೇಕಾದರೂ ತೆಗೆಯಬಹುದು. ಆ ಐದಕ್ಕೆ ನನ್ನೊಬ್ಬನ ಸಹಿ ಸಾಕಾಯಿತು, ಈ ಕೊನೆಯ ಖಾತೆ ಮುಚ್ಚಲು ಮಾತ್ರ ಇಬ್ಬರ ಸಹಿಯೂ ಬೇಕಂತೆ. ಫಾರಂ ಇದರ ಜೊತೆಗಿದೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸು.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಎದುರು ನಿಂತು ಕ್ಷಮೆ ಕೇಳಬೇಕು, ಕಾಗದದಲ್ಲಿ ಕೇಳಿದರೆ ಅದೂ ಜಿಪುಣತನವಾಗುತ್ತದೆ. ಸುಧನ್ವನನ್ನೂ ಅವನ ಹೆಂಡತಿಯನ್ನೂ ಕೇಳಿದೆನೆಂದು ಹೇಳು. ಲಾಸ್ಯಾ ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆದಿದ್ದಾಳೆ. ಸಕಾರ ತಲೆಕೆಳಗಾಗಿದೆ, ಮುತ್ತು ಮಾತ್ರ ಸರಿಯಾಗಿದೆ.

ಇಂತಿ ನಿನ್ನ,
ವೆಂಕಟಾಚಲ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಫಾರಂ ಹೊರಗೆ ತೆಗೆದುಬಿಟ್ಟೆ, ಹುಡುಕಬೇಡ. ಆ ಖಾತೆಯಲ್ಲಿ ಒಂದು ಡಾಲರ್ ಬಿಟ್ಟಿದ್ದೇನೆ. ತಿಂಗಳಿಗೆ ಹನ್ನೆರಡು ದಂಡ ತಾನೇ, ನಾನೇ ಕಟ್ಟುತ್ತಾ ಆ ಒಂದನ್ನು ಹಾಗೇ ಉಳಿಸುತ್ತೇನೆ. ಯಾವಾಗ ಬರುತ್ತೀಯ ಅಂತ ಕೇಳುವುದಿಲ್ಲ, ಇನ್ನು ತಾರೀಖಿನ ಮಾತು ನನಗೆ ಬೇಡ. ಮುಂದಿನ ಸಲ ಫೋನು ಇಡುವಾಗ ಒಂದು ಸಲ 'ಬರ್ತೀನಿ' ಅನ್ನು, ಸಾಕು.