ವಾಪಸು ಬಂದ ಶೇಂಗಾ

ಚಂದ್ರಕ್ಕ,

ನೀನು ತೀರಿಕೊಂಡ ಮೇಲೆ ನಾವು ಧರ್ಮಪುರದ ಶೆಡ್ಡಿನಲ್ಲಿ ಆರಿಸಿ ಹೊರದೇಶಕ್ಕೆ ಕಳಿಸಿದ ಶೇಂಗಾ ಬೀಜವೆಲ್ಲ ಹಡಗಿನಲ್ಲಿ ವಾಪಸು ಬಂತು. ಬೂಷ್ಟಿನ ವಿಷ ಆ ದೇಶದ ಹೊಸ ಮಿತಿಗಿಂತ ತುಸು ಹೆಚ್ಚಂತೆ. ಹದಿನೈದು ದಿನದಿಂದ ನಮಗೆ ಕೆಲಸವಿಲ್ಲ.

ಇವತ್ತು ರಫ್ತು ಇಲಾಖೆಯ ಅಧಿಕಾರಿ ಶೆಡ್ಡಿಗೆ ಬಂದಿದ್ದರು. "ಇಂಥ ನಿಯಮ ಮಾಡೋ ಎಲ್ಲ ದೇಶಗಳ ಸಭೆಗೆ ನಮ್ಮ ದೇಶದೋರಾದ್ರೂ ಹೋಗ್ತಾರೆ. ಶೇಂಗಾನೇ ನಂಬಿರೋ ಸಣ್ಣ ದೇಶಗಳಿಗೆ ಒಬ್ಬರನ್ನ ಕಳ್ಸೋಕೂ ಆಗಲ್ಲ. ಅದು ಬದಲಾಗ್ಬೇಕಮ್ಮ," ಎಂದರು.

ಹೋದ ವರ್ಷ ಆ ಸಭೆಯ ಮಾತು ಬಂದಾಗ ಇದೇ ಅಧಿಕಾರಿಯನ್ನು ನೀನು ಕೇಳಿದ್ದೆ: "ಹೋದೋರು ಬೀಜ ಆರ್ಸೋ ನಮ್ಮನ್ನ ಒಂದ್ಮಾತು ಕೇಳ್ಯಾರೇನ್ರಿ ಸಾರ್?" ಎಲ್ಲರೂ ನಕ್ಕರು. "ಸುಮ್ನೆ ಕುಂತ್ಕಳಕ್ಕ, ಮಾನ ಹೋಗುತ್ತೆ," ಎಂದು ನಾನೇ ನಿನ್ನ ಸೆರಗು ಜಗ್ಗಿದ್ದೆ.

ಇವತ್ತು ಅದನ್ನೇ ಕೇಳಲು ಎದ್ದು ನಿಂತೆ. ಸೆರಗು ಜಗ್ಗುವವರು ಯಾರೂ ಇರಲಿಲ್ಲ. ಆದರೂ ಕೇಳದೆ, ನನ್ನ ಸೆರಗು ನಾನೇ ಜಗ್ಗಿಕೊಂಡು ಕೂತೆ, ಅಕ್ಕ.